ಬೆಳೆಗೊಂದು ಸಂಶೋಧನಾ ಕೇಂದ್ರವಿದೆ, ದುಡಿಯುವವರಿಗೆ?

ಮಲೆನಾಡಿನ ಬೆಳೆಗಳ ಮಟ್ಟಿಗೆ ವಿಜ್ಞಾನವು ಉದಾರವಾಗಿಯೇ ನಡೆದುಕೊಂಡಿದೆ. ಕಾಫಿಗೆಂದು ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವಿದೆ. ಅಡಿಕೆಗೆಂದು 1956ರಲ್ಲಿ ವಿಟ್ಲದಲ್ಲಿ ಕೇಂದ್ರ ಸ್ಥಾಪನೆಯಾಯಿತು. ಏಲಕ್ಕಿಗೆ ಮೂಡಿಗೆರೆಯೂ ಕೊಡಗಿನ ಅಪ್ಪಂಗಳವೂ ಇವೆ. 2012ರಲ್ಲಿ ಶಿವಮೊಗ್ಗದಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಹುಟ್ಟಿತು. ಇಂದು ಅದು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೆಂದು ಕರೆಸಿಕೊಳ್ಳುತ್ತಿದೆ. ಎಲೆಚುಕ್ಕಿ ರೋಗ ಹಬ್ಬಿದರೆ ತಜ್ಞರ ತಂಡ ತೋಟಕ್ಕೆ ಬರುತ್ತದೆ. ಮಣ್ಣಿನ ರಸಸಾರವನ್ನು ಬರೆದಿಡಲಿಕ್ಕೂ ಒಂದು ಕಾರ್ಡು ಇದೆ.

ಆದರೆ ಆ ಮರವನ್ನೇರುವವನ ಸೊಂಟ, ಆ ಎಲೆಗೆ ಔಷಧ ಹೊಡೆಯುವವನ ಶ್ವಾಸಕೋಶ, ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವ ಹೆಂಗಸಿನ ಬೆನ್ನು, ಇವುಗಳ ಅಧ್ಯಯನವನ್ನೇ ಹೊಣೆಯಾಗಿ ಹೊತ್ತ ಒಂದು ಕೇಂದ್ರ ಮಲೆನಾಡಿನಲ್ಲಿಲ್ಲ. ದುಡಿಮೆಯಿಂದ ದೇಹಕ್ಕಾಗುವ ಹಾನಿಯನ್ನು ಎಣಿಸಿ, ಅದರ ಕಾರಣವನ್ನು ಶೋಧಿಸಿ, ಪರಿಹಾರವನ್ನು ರೂಪಿಸುವ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರವೊಂದು ನಮ್ಮ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾಗಬೇಕು ಎಂಬುದು ಈ ಲೇಖನದ ವಾದ. ಇದನ್ನು ಪರಿಸರ ಚಳವಳಿಯ ಪತ್ರಿಕೆಯಲ್ಲಿ ಬರೆಯುವುದಕ್ಕೂ ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದು ಶತಮಾನದ ಬೋರ್ಡೋ

ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣವೇ ಅದಕ್ಕೆ ಮದ್ದೆಂದು ತೋರಿಸಿಕೊಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನೂರಕ್ಕೂ ಹೆಚ್ಚು ಮಳೆಗಾಲಗಳಿಂದ ಅದು ನಮ್ಮ ತೋಟಗಳನ್ನು ಕಾಪಾಡುತ್ತ ಬಂದಿದೆ. ಸಾವಯವ ಕೃಷಿಕರೂ ಅದನ್ನು ಒಪ್ಪಿಕೊಂಡಿದ್ದಾರೆ. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಇದೇ ದ್ರಾವಣವನ್ನು ಪೋರ್ಚುಗಲ್ ದೇಶದ ದ್ರಾಕ್ಷಿತೋಟಗಳಲ್ಲಿಯೂ ತಲೆಮಾರುಗಳಿಂದ ಸಿಂಪಡಿಸುತ್ತಿದ್ದರು. ಅಲ್ಲಿನ ಪಿಮೆಂಟೆಲ್ ಮತ್ತು ಮಾರ್ಕ್ವೆಸ್ ಎಂಬ ಸಂಶೋಧಕರು 1969ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ದ್ರಾಕ್ಷಿಗೆ ಬೋರ್ಡೋ ಸಿಂಪಡಿಸುತ್ತಿದ್ದ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರವನ್ನೊಳಗೊಂಡ ಗಂಟುಗಳಿದ್ದುದನ್ನು ಕಂಡು, ಅದೊಂದು ಹೊಸ ಔದ್ಯೋಗಿಕ ರೋಗವೆಂದು ಅವರು ಸಾರಿದರು. ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಅದು ‘ದ್ರಾಕ್ಷಿ ಸಿಂಪಡಿಗರ ಶ್ವಾಸಕೋಶ’ ಎಂಬ ಹೆಸರಿನಲ್ಲಿಯೇ ಸ್ಥಾನ ಪಡೆದಿದೆ.

ಪೋರ್ಚುಗಲ್ಲಿನಲ್ಲಿ ಆದದ್ದು ತೀರ್ಥಹಳ್ಳಿಯಲ್ಲಿಯೂ ಆಗಿದೆ ಎಂದು ನಾನು ವಾದಿಸುತ್ತಿಲ್ಲ. ದ್ರಾಕ್ಷಿಬಳ್ಳಿಯ ಎತ್ತರ ಬೇರೆ, ಅಡಿಕೆಮರದ ಎತ್ತರ ಬೇರೆ. ಅಲ್ಲಿಯ ಒಣಹವೆ ಬೇರೆ, ನಮ್ಮ ಆಷಾಢದ ತೇವ ಬೇರೆ. ಹನಿಯ ಗಾತ್ರ, ಸಿಂಪಡಣೆಯ ದಿನಗಳ ಸಂಖ್ಯೆ, ಗಾಳಿಯ ಓಟ, ಎಲ್ಲವೂ ಬೇರೆ. ಹಾಗಾಗಿಯೇ ಅಲ್ಲಿಯ ನಿರ್ಣಯವನ್ನು ಇಲ್ಲಿಗೆ ತಂದು ಅಂಟಿಸುವುದು ಎಷ್ಟು ತಪ್ಪೋ, ಇಲ್ಲಿ ಏನೂ ಆಗಿಲ್ಲವೆಂದು ನಿರಾಳವಾಗಿರುವುದೂ ಅಷ್ಟೇ ತಪ್ಪು. ಇಪ್ಪತ್ತು ಮಳೆಗಾಲ ಸಿಂಪಡಿಸಿದವನೊಬ್ಬ ಕೆಮ್ಮುತ್ತ ಆಸ್ಪತ್ರೆಗೆ ಹೋದರೆ ಕ್ಷಯ, ಅಸ್ತಮಾ, ಬೀಡಿ ಎಂಬ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ‘ಏನು ಕೆಲಸ ಮಾಡುತ್ತೀಯಪ್ಪಾ, ಎಷ್ಟು ವರ್ಷದಿಂದ?’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಲು ವೈದ್ಯರಿಗೆ ಯಾರಾದರೂ ಕಲಿಸಬೇಕಷ್ಟೆ? ಕಲಿಸುವ ಸ್ಥಳವೇ ಇಲ್ಲವಾದರೆ ಅವರನ್ನು ದೂರಿ ಫಲವೇನು?

ಎಣಿಕೆಗೆ ಸಿಗದ ನೋವು

ಕೊನೆಗಾರ ಮರದಿಂದ ಬಿದ್ದರೆ ಆಸ್ಪತ್ರೆಯ ಪುಸ್ತಕದಲ್ಲಿ ‘ಎತ್ತರದಿಂದ ಬಿದ್ದದ್ದು’ ಎಂದು ದಾಖಲಾಗುತ್ತದೆ. ಸತ್ತರೆ ಠಾಣೆಯಲ್ಲಿ ‘ಅಸಹಜ ಸಾವು’ ಎಂದಾಗುತ್ತದೆ. ಕಾಫಿತೋಟದಲ್ಲಿ ಮರಗಸಿ ಮಾಡುವಾಗ ಕೊಂಬೆ ಮುರಿದು ಬಿದ್ದವನದೂ, ಏಣಿ ಜಾರಿ ಬಿದ್ದ ಮೆಣಸು ಕೊಯ್ಯುವವನದೂ ಅದೇ ಕಥೆ. ಕೀಟನಾಶಕದ ನಂಜೇರಿ ಬಂದವನನ್ನು ಆತ್ಮಹತ್ಯೆಗೆ ಯತ್ನಿಸಿದವನೆಂದು ಶಂಕಿಸುವುದೇ ವಾಡಿಕೆ. ದುಡಿಮೆ ಎಂಬ ಸಮಾನ ಕಾರಣ ಯಾವ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ. ಬರೆಯದೇ ಇರುವುದನ್ನು ಕೂಡಿಸಲಾಗದು. ಕೂಡಿಸಿ ತೋರಿಸಲಾಗದ್ದಕ್ಕೆ ಸರ್ಕಾರದ ಆಯವ್ಯಯದಲ್ಲಿ ಸ್ಥಾನ ಸಿಗದು.

ಎಣಿಕೆಯಿಂದ ಏನಾಗುತ್ತದೆ ಎಂಬುದಕ್ಕೆ ಹಾವಿನ ಕಡಿತವೇ ಸಾಕ್ಷಿ. ಆಸ್ಪತ್ರೆಗಳ ವರದಿಯನ್ನಷ್ಟೇ ನಂಬಿದ್ದ ಕಾಲದಲ್ಲಿ ಅದು ಸಣ್ಣ ಸಮಸ್ಯೆಯಂತೆ ಕಾಣುತ್ತಿತ್ತು. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾದಾಗ, ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸಾಯುತ್ತಿದ್ದಾರೆಂಬ ಅಂದಾಜು ಹೊರಬಿತ್ತು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಎಲ್ಲಿ ಕಚ್ಚಿತು, ಯಾವ ಕೆಲಸದ ವೇಳೆ ಕಚ್ಚಿತು, ಕಾಲಿಗೆ ಬೂಟು ಇತ್ತೇ ಎಂಬುದನ್ನೂ ಅದರೊಂದಿಗೆ ಬರೆದಿಟ್ಟರೆ ಅದೇ ದಾಖಲೆ ಔದ್ಯೋಗಿಕ ಆರೋಗ್ಯದ ದಾಖಲೆಯೂ ಆಗುತ್ತದೆ. ಇದರ ಸ್ಥಳೀಯ ಮುಖವೂ ಒಂದಿದೆ. ನಮ್ಮಲ್ಲಿ ದೊರೆಯುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಪಶ್ಚಿಮಘಟ್ಟದ ತೋಟಗಳಲ್ಲಿರುವ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ.

ಮಂಗನ ಕಾಯಿಲೆಯನ್ನೂ ಈ ದೃಷ್ಟಿಯಿಂದ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವನ್ನು ನಾವು ಕಾಡಿನ ರೋಗವೆಂದೇ ತಿಳಿದಿದ್ದೇವೆ. ಆದರೆ ಅದು ಹಿಡಿಯುವುದು ಯಾರನ್ನು? ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುವವರನ್ನು, ಸೌದೆ ತರುವವರನ್ನು, ದನ ಮೇಯಿಸುವವರನ್ನು. 2012ರಲ್ಲಿ ಬಂಡೀಪುರದಲ್ಲಿ ಅದು ತಗುಲಿದ್ದು ಅರಣ್ಯ ಸಿಬ್ಬಂದಿಗೆ. 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನಲ್ಲಿ ತಗುಲಿದ್ದು ಗೇರುಬೀಜ ಹೆಕ್ಕುವವರಿಗೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ನಮಗೆಲ್ಲ ನೆನಪಿದೆ. ದಶಕಗಳ ಕಾಲ ಹಾಕಿದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ಅದರ ಬಳಕೆ ನಿಂತುಹೋಗಿದೆ. ಹೊಸ ಲಸಿಕೆ ಕೈಗೆ ಬರುವವರೆಗೆ ಉಳಿಯುವ ಉಪಾಯ ಕೆಲಸದ ಕ್ರಮವನ್ನು ಬದಲಿಸುವುದೊಂದೇ. ಯಾವ ತಿಂಗಳಲ್ಲಿ ದರಗು ತರಬೇಕು, ಯಾವ ಉಡುಪು ತೊಡಬೇಕು, ಉಣುಗು ಮೈಗೆ ಹತ್ತದಂತೆ ಯಾವ ಎಣ್ಣೆಯನ್ನು ಎಷ್ಟು ಗಂಟೆಗೊಮ್ಮೆ ಸವರಬೇಕು, ದರಗಿಗೆ ಬದಲಾಗಿ ತೋಟಕ್ಕೆ ಬೇರೇನು ಹೊದಿಸಬಹುದು? ಇವು ವೈದ್ಯರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆಗಳಲ್ಲ. ಕೃಷಿ ವಿಜ್ಞಾನಿಯೊಬ್ಬನೇ ಉತ್ತರಿಸಬಲ್ಲವೂ ಅಲ್ಲ. ಇಬ್ಬರೂ ಒಂದೇ ಸೂರಿನಡಿ ಕುಳಿತುಕೊಳ್ಳಬೇಕು.

ಹೊಸ ಉಪಕರಣ, ಹೊಸ ಅಪಾಯ

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರವೇರುವ ಕಷ್ಟ ಕಡಿಮೆಯಾಯಿತೆಂದು ಎಲ್ಲರೂ ಸಂತೋಷಪಟ್ಟಿದ್ದೇವೆ. ಸಂತೋಷ ಸಕಾರಣವಾದದ್ದೇ, ನೆಲದ ಮೇಲೆ ನಿಂತವನು ಮರದಿಂದ ಬೀಳುವುದಿಲ್ಲ. ಆದರೆ ಅಪಾಯವು ಇಲ್ಲವಾಗಿಲ್ಲ, ಸ್ಥಳ ಬದಲಿಸಿದೆ. ಮರದ ಮೇಲಿದ್ದವನು ಪಕ್ಕದ ಮರದ ಗೊನೆಗೆ ಸಿಂಪಡಿಸುತ್ತಿದ್ದ. ಕೆಳಗೆ ನಿಂತವನು ಕತ್ತನ್ನು ಹಿಂದಕ್ಕೆ ಬಾಗಿಸಿ, ಮುಖವನ್ನು ಮೇಲೆತ್ತಿ, ತನ್ನ ಮೇಲೆಯೇ ಇಳಿಯುವ ಹನಿಗಳ ನಡುವೆ ದಿನವಿಡೀ ಇರುತ್ತಾನೆ. ಕಣ್ಣು, ಮೂಗು, ಕುತ್ತಿಗೆಯ ಕೀಲುಗಳು ಹೊಸ ಹೊರೆಯನ್ನು ಹೊತ್ತಿವೆ. ಅಲ್ಯೂಮಿನಿಯಂ ದೋಟಿಯಂತೂ ವಿದ್ಯುತ್ ತಂತಿಗೆ ತಗುಲಿ ಜೀವ ತೆಗೆದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಕಾರ್ಬನ್ ಫೈಬರ್ ಕೂಡ ವಿದ್ಯುದ್ವಾಹಕವೇ ಎಂಬುದು ಕೊಂಡವರಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಕಳೆ ಕೊಚ್ಚುವ ಯಂತ್ರದಿಂದ ಸಿಡಿಯುವ ಕಲ್ಲು, ಅದರ ಕಂಪನದಿಂದ ಮರಗಟ್ಟುವ ಬೆರಳು, ಸುಲಿಯುವ ಯಂತ್ರದ ಧೂಳು ಮತ್ತು ಸದ್ದು, ಇವೆಲ್ಲವೂ ಇದೇ ಸಾಲಿನವು.

ಯಂತ್ರ ಬೇಡವೆಂಬುದು ಇದರರ್ಥವಲ್ಲ. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿತು. ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ತೀವ್ರವಾಗಿ ಇಳಿಯಿತು. ನಮ್ಮಲ್ಲಿಯೇ ಗೋಧಿ ಒಕ್ಕುವ ಯಂತ್ರಗಳು ಉತ್ತರದ ರಾಜ್ಯಗಳಲ್ಲಿ ಸಾವಿರಾರು ಕೈಗಳನ್ನು ಬಲಿ ಪಡೆದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂತು. ಕತ್ತರಿಸಿದ ಕೈಯನ್ನು ಎಣಿಸುವುದು ಸುಲಭ, ಆದ್ದರಿಂದ ಕಾನೂನು ಬಂತು. ನಿಧಾನವಾಗಿ ಕುಗ್ಗುವ ಉಸಿರನ್ನು ಎಣಿಸಲು ಉಪಕರಣ ಬೇಕು, ತರಬೇತಾದವರು ಬೇಕು, ವರ್ಷಾನುಗಟ್ಟಲೆಯ ತಾಳ್ಮೆ ಬೇಕು. ಅದು ವಿಶ್ವವಿದ್ಯಾಲಯದಂತಹ ಸ್ಥಿರವಾದ ಸಂಸ್ಥೆಯಿಂದ ಮಾತ್ರ ಸಾಧ್ಯ.

ಕಾನೂನಿನ ಬೇಲಿಯಾಚೆ

ದುಡಿಯುವವರ ರಕ್ಷಣೆಗೆ ಕಾನೂನುಗಳಿಲ್ಲವೆ? ಇವೆ. 1948ರ ಕಾರ್ಖಾನೆ ಕಾಯಿದೆ, 1951ರ ತೋಟ ಕಾರ್ಮಿಕರ ಕಾಯಿದೆಗಳ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತಾದ 2020ರ ಸಂಹಿತೆ ಜಾರಿಗೆ ಬಂದಿದೆ. ಅದು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸ್ಥಳಗಳಿಗೆ ಅನ್ವಯಿಸುತ್ತದೆ. ಎರಡೆಕರೆ ಅಡಿಕೆ ತೋಟಕ್ಕೆ ಮೂವರು ಆಳುಗಳು ಬಂದರೆ ಆ ಬೇಲಿಯೊಳಕ್ಕೆ ಅವರಿಗೆ ಪ್ರವೇಶವಿಲ್ಲ. ಕೃಷಿಯಲ್ಲಿನ ಸುರಕ್ಷತೆಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2001ರಲ್ಲಿ ರೂಪಿಸಿದ 184ನೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಬೇಲಿಯೊಳಗಿರುವ ಕಾನೂನಿನ ಗತಿಯೂ ಹೇಳಿಕೊಳ್ಳುವಂತಹದಲ್ಲ. 1971ರ ಕೀಟನಾಶಕ ನಿಯಮಗಳು ಸಿಂಪಡಣೆಯಲ್ಲಿ ತೊಡಗಿದವರನ್ನು ಕೆಲಸಕ್ಕೆ ಮೊದಲೂ ಆನಂತರ ನಿಯತಕಾಲದಲ್ಲಿಯೂ ವೈದ್ಯಕೀಯ ತಪಾಸಣೆಗೆ ಒಳಪಡಿಸಬೇಕೆಂದು ವಿಧಿಸುತ್ತವೆ. ನನ್ನ ಸುತ್ತಲಿನ ಹಳ್ಳಿಗಳಲ್ಲಿ ಹಾಗೆ ತಪಾಸಣೆಗೊಳಗಾದ ಒಬ್ಬ ದಿನಗೂಲಿಯವನನ್ನೂ ನಾನು ಕಂಡಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ನಿಯಮಗಳು ಬಂದು ಆಗ ನಲವತ್ತಾರು ವರ್ಷ.

ಇಲ್ಲಿ ಒಂದು ಕಹಿ ಮಾತನ್ನೂ ಆಡಬೇಕು. ಬೆಳೆಗಾರನೂ ದುಡಿಯುತ್ತಾನೆ, ಅವನ ದೇಹವೂ ಸವೆಯುತ್ತದೆ, ನಿಜ. ಆದರೆ ಅಪಾಯವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಮರವೇರುವ, ವಿಷ ಕಲಸುವ, ಮರಗಸಿ ಮಾಡುವ ಕೆಲಸಗಳು ಬಹುಮಟ್ಟಿಗೆ ಭೂಮಿಯಿಲ್ಲದವರ ಪಾಲಿಗೆ, ಹಿಂದುಳಿದ ಮತ್ತು ದಲಿತ ಸಮುದಾಯಗಳವರ ಪಾಲಿಗೆ, ಈಗೀಗ ಅಸ್ಸಾಂ, ಜಾರ್ಖಂಡಗಳಿಂದ ಬಂದ ವಲಸಿಗರ ಪಾಲಿಗೆ ಸೇರಿವೆ. ಬಿದ್ದವನ ಮನೆಗೆ ಬೆಳೆಗಾರ ಕೊಡುವ ಹಣ ಅವನ ದಯೆಯನ್ನು ಅವಲಂಬಿಸಿದೆ. ದಯೆಯ ಜಾಗದಲ್ಲಿ ವ್ಯವಸ್ಥೆ ಬರಬೇಕು. ಅದು ಬೆಳೆಗಾರನಿಗೂ ಹಿತವೇ. ಕೇರಳದಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದ ನೆರವಿನಿಂದ ತೆಂಗಿನಮರವೇರುವ ತರಬೇತಿಯನ್ನು ಆರಂಭಿಸಿ, ತರಬೇತಾದವರಿಗೆ ಅಪಘಾತ ವಿಮೆಯನ್ನೂ ಜೋಡಿಸಿತು. ತೆಂಗಿಗೆ ಸಾಧ್ಯವಾದದ್ದು ಅಡಿಕೆಗೇಕೆ ಅಸಾಧ್ಯ?

ಕೇಂದ್ರ ಹೇಗಿರಬೇಕು?

ಈ ಆಲೋಚನೆ ಹೊಸದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು 1955ರಲ್ಲಿಯೇ ಕೃಷಿ ವೈದ್ಯಕೀಯ ಸಂಸ್ಥೆಯೊಂದನ್ನು ಸ್ಥಾಪಿಸಿತು. ಜೋಳ, ಹಂದಿ ಸಾಕಣೆಗಳ ಆ ನಾಡಿಗೆ ಬೇಕಾದ ವಿದ್ಯೆಯನ್ನು ಆ ನಾಡಿನಲ್ಲಿಯೇ ಬೆಳೆಸಿತು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯ ಸಮನ್ವಯದಲ್ಲಿ ಕೃಷಿ ಸುರಕ್ಷತೆಯ ಅಖಿಲ ಭಾರತ ಯೋಜನೆ ನಡೆಯುತ್ತಿದೆ. ಅವುಗಳ ಅನುಭವ ನಮಗೆ ಆಧಾರ. ಆದರೆ ಮಲೆನಾಡಿನ ಇಳಿಜಾರು, ಮಳೆ, ಉಣುಗು, ಅಡಿಕೆಮರಗಳ ನಡುವೆ ಇದ್ದುಕೊಂಡೇ ಅಭ್ಯಾಸ ಮಾಡುವ ಕೇಂದ್ರಕ್ಕೆ ಅವು ಬದಲಿಯಾಗಲಾರವು.

ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮಂಗನ ಕಾಯಿಲೆಯ ಪತ್ತೆಗೆ ಪ್ರಯೋಗಾಲಯವಿದೆ. ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಇವು ಪರಸ್ಪರ ಕೈಜೋಡಿಸಿದರೆ ದೊಡ್ಡ ಕಟ್ಟಡದ ಅಗತ್ಯವೇ ಇಲ್ಲ. ಆರಂಭಕ್ಕೆ ಒಬ್ಬ ಔದ್ಯೋಗಿಕ ರೋಗತಜ್ಞ, ಒಬ್ಬ ಕೃಷಿ ಇಂಜಿನಿಯರ್, ಒಬ್ಬ ಸಂಖ್ಯಾಶಾಸ್ತ್ರಜ್ಞ, ಒಬ್ಬ ಸಮಾಜಶಾಸ್ತ್ರಜ್ಞ, ತಾಲ್ಲೂಕಿಗೆ ಇಬ್ಬರು ಕ್ಷೇತ್ರ ಕಾರ್ಯಕರ್ತರು ಸಾಕು. ಮೊದಲ ಮೂರು ವರ್ಷ ಅವರ ಮುಖ್ಯ ಕೆಲಸ ಎಣಿಕೆ. ಅಂತಿಮ ವರ್ಷದ ಕೃಷಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹೇಗೂ ಹಳ್ಳಿಗಳಲ್ಲಿ ತಂಗುತ್ತಾರೆ. ಬೆಳೆಯ ವಿಸ್ತೀರ್ಣ ಬರೆದುಕೊಳ್ಳುವ ಅದೇ ಪುಸ್ತಕದಲ್ಲಿ ಗಾಯಗಳ ವಿವರವನ್ನೂ ಬರೆದುಕೊಳ್ಳಬಹುದು. ಎರಡನೆಯ ಕೆಲಸ ವಿನ್ಯಾಸ. ನಮ್ಮ ಸೆಕೆಗೂ ತೇವಕ್ಕೂ ಒಗ್ಗುವ ಮುಖಗವಸು, ಉಡುಪುಗಳು ಇಲ್ಲಿಯೇ ರೂಪುಗೊಳ್ಳಬೇಕು; ಬೆವರಿಳಿಸಿ ಉಸಿರುಕಟ್ಟಿಸುವ ಉಡುಪನ್ನು ಹಂಚಿ, ‘ಕೂಲಿಗಳು ತೊಡುವುದಿಲ್ಲ’ ಎಂದು ಅವರನ್ನೇ ದೂರುವ ಪರಿಪಾಠ ನಿಲ್ಲಬೇಕು. ಮೂರನೆಯದು ಬೋಧನೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಕೊನೆಗಾರರಿಗೆ, ಬೆಳೆಗಾರರಿಗೆ.

ಕೆಲವು ಷರತ್ತುಗಳನ್ನು ಮೊದಲೇ ಹಾಕಬೇಕು. ಕೀಟನಾಶಕ ತಯಾರಕರಿಂದಾಗಲಿ ಯಂತ್ರ ಮಾರುವವರಿಂದಾಗಲಿ ಕೇಂದ್ರವು ಹಣ ಪಡೆಯಕೂಡದು. ಹೆಸರುಗಳನ್ನು ಗೋಪ್ಯವಾಗಿಟ್ಟು, ಅಂಕಿಅಂಶಗಳನ್ನೆಲ್ಲ ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಸಲಹಾ ಮಂಡಳಿಯಲ್ಲಿ ಅರ್ಧದಷ್ಟು ಮಂದಿ ಕೂಲಿ ಕೆಲಸ ಮಾಡುವವರೇ ಇರಬೇಕು, ಅವರಲ್ಲಿ ಹೆಂಗಸರಿರಬೇಕು. ಇವಿಲ್ಲದಿದ್ದರೆ ಇದು ಇನ್ನೊಂದು ನಾಮಫಲಕವಾಗುತ್ತದೆ, ಅಷ್ಟೆ.

ಎರಡು ಆಕ್ಷೇಪಗಳು

ಇದರಿಂದ ಸಣ್ಣ ಬೆಳೆಗಾರನ ತಲೆಯ ಮೇಲೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಬಂದು ಕೂರುತ್ತಾನೆ ಎಂಬ ಭಯ ಸಹಜ. ಆದರೆ ವಿಶ್ವವಿದ್ಯಾಲಯದ ಕೇಂದ್ರಕ್ಕೆ ದಂಡ ಹಾಕುವ ಅಧಿಕಾರವಿರುವುದಿಲ್ಲ, ಇರಲೂಬಾರದು. ಅಪಘಾತವನ್ನು ಮುಚ್ಚಿಡದೆ ಹೇಳುವಂತಾಗಬೇಕಾದರೆ ಕೇಳುವವನ ಕೈಯಲ್ಲಿ ದಂಡದ ಪುಸ್ತಕವಿರಕೂಡದು.

ಎರಡನೆಯ ಆಕ್ಷೇಪ, ಇಂತಹ ಸಂಶೋಧನೆ ಸುಮ್ಮನೆ ಭೀತಿ ಹುಟ್ಟಿಸುತ್ತದೆ ಎಂಬುದು. ಹಂದಿಗೋಡಿನ ಕಾಯಿಲೆಯ ಚರಿತ್ರೆ ಇದಕ್ಕೆ ಉತ್ತರ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಬಡ ಕುಟುಂಬಗಳ ಸೊಂಟ, ಮಂಡಿಗಳನ್ನು ಮುರಿದ ಆ ರೋಗಕ್ಕೆ ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಮೊದಲಿಗೆ ಬಲವಾಗಿತ್ತು. ಮುಂದಿನ ಅಧ್ಯಯನಗಳು ಅದು ಆನುವಂಶಿಕವೆಂಬ ನಿರ್ಣಯಕ್ಕೆ ಬಂದವು. ವಿಷವನ್ನು ಸಾಬೀತುಪಡಿಸಬಲ್ಲ ಶಾಸ್ತ್ರವೇ ವಿಷವಲ್ಲವೆಂದೂ ಹೇಳಬಲ್ಲದು. ಭೀತಿಯನ್ನು ಬೆಳೆಸುವುದು ಅಜ್ಞಾನ. ಅಳತೆಯು ಅದನ್ನು ತಿಳಿಗೊಳಿಸುತ್ತದೆ.

ಚಳವಳಿಗೆ ಇದರಲ್ಲಿ ಏನು ಕೆಲಸ?

ಎಂಡೋಸಲ್ಫಾನ್ ಪ್ರಕರಣವನ್ನು ನೆನೆಯೋಣ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಸುರಿಯಿತು. ಅಸಹಜವಾದದ್ದೇನೋ ನಡೆಯುತ್ತಿದೆಯೆಂದು ಗುರುತಿಸಿದವರು ತಮ್ಮ ಹಳ್ಳಿಯ ಚಿಕಿತ್ಸಾಲಯದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಅದನ್ನು ನಾಡಿಗೆ ತಿಳಿಸಿದವರು ಪತ್ರಕರ್ತ ಶ್ರೀ ಪಡ್ರೆ. ಅಹಮದಾಬಾದಿನ ಸಂಸ್ಥೆಯ ತಂಡ ಬಂದು ಅಧ್ಯಯನ ನಡೆಸಿದ್ದು ಆನಂತರ, 2001ರಲ್ಲಿ. ಕರ್ನಾಟಕದಲ್ಲಿ ನಿಷೇಧವಾದದ್ದು 2011ರಲ್ಲಿ. ಸಮೀಪದಲ್ಲಿಯೇ ಒಂದು ಕೇಂದ್ರವಿದ್ದು, ಸಿಂಪಡಣೆಯ ಮಿಶ್ರಣ ಕಲಸಿದ ಕಾರ್ಮಿಕರ ರಕ್ತವನ್ನು ಮೊದಲ ಐದು ವರ್ಷಗಳಲ್ಲಿಯೇ ಪರೀಕ್ಷಿಸಿದ್ದರೆ, ಇಂದು ಮಧ್ಯವಯಸ್ಸಿಗೆ ಕಾಲಿಡುತ್ತಿರುವ ಎಷ್ಟೋ ಮಕ್ಕಳ ಬದುಕು ಬೇರೆಯಾಗಿರುತ್ತಿತ್ತೇನೋ.

ವಿಷವು ಹೊಳೆಯನ್ನು ಸೇರುವ ಮುನ್ನ, ಮೀನನ್ನು ಮುಟ್ಟುವ ಮುನ್ನ, ಅದನ್ನು ಕಲಸುವ ಕೈಯನ್ನು ಮುಟ್ಟುತ್ತದೆ. ಆ ಕೈಯನ್ನು ಮರೆತು ಹೊಳೆಯನ್ನು ಮಾತ್ರ ಕಾಯಲಾಗದು. ಕಾಡನ್ನು ಉಳಿಸಲು ಸಭೆ ಸೇರುವ ನಾವು ಆ ಕಾಡಿನಿಂದ ದರಗು ಹೊತ್ತು ತರುವವಳ ಜ್ವರವನ್ನು ಬೇರೊಂದು ಇಲಾಖೆಯ ವಿಷಯವೆಂದು ಬಿಡುವುದು ನ್ಯಾಯವಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಈ ಕೇಂದ್ರಕ್ಕಾಗಿ ನಿರ್ಣಯ ಅಂಗೀಕರಿಸಿ ವಿಶ್ವವಿದ್ಯಾಲಯದ ಕುಲಪತಿಗಳಿಗೂ ನಿಮ್ಮ ಶಾಸಕರಿಗೂ ಕಳುಹಿಸಿ. ವಿದ್ಯಾರ್ಥಿಗಳು ಕೇಂದ್ರ ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಕ್ಷೇತ್ರದ ಕೆಲಸದಲ್ಲಿ ಬಿದ್ದವರು, ನಂಜೇರಿದವರು, ಹಾವು ಕಚ್ಚಿಸಿಕೊಂಡವರು, ಯಂತ್ರಕ್ಕೆ ಬೆರಳು ಕೊಟ್ಟವರು ಎಷ್ಟು ಮಂದಿ, ಯಾವ ಕೆಲಸ, ಯಾವ ತಿಂಗಳು, ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಅವರ ಒಪ್ಪಿಗೆ ಪಡೆದು ಒಂದು ನೋಟುಪುಸ್ತಕದಲ್ಲಿ ಬರೆಯಲಾರಂಭಿಸಿ. ಐವತ್ತು ಊರುಗಳಿಂದ ಐವತ್ತು ಪುಸ್ತಕಗಳು ಒಂದೆಡೆ ಸೇರಿದರೆ, ಇಂತಹ ಕೇಂದ್ರದ ಅಗತ್ಯವೇನೆಂದು ಕೇಳುವವರ ಮುಂದೆ ಅವನ್ನು ಇಡಬಹುದು.